ಕಾಫಿ ಮೊದಲೋ, ಮಾತ್ರೆ ಮೊದಲೋ? ಅರೆತಲೆನೋವಿಗೂ ಥೈರಾಯ್ಡ್‌ಗೂ ಇರುವ ನಂಟು

ನಮ್ಮ ಅತ್ತಿಗೆಗೆ ತಲೆನೋವು ಹೊಸದಲ್ಲ. ಮದುವೆಯಾಗಿ ಮೂಡಿಗೆರೆ ಕಡೆಯ ಈ ಮನೆಗೆ ಬರುವಾಗ ಟ್ರಂಕಿನ ಜೊತೆ ಅದನ್ನೂ ತಂದರು ಅಂತ ಅಣ್ಣ ತಮಾಷೆ ಮಾಡುತ್ತಾನೆ. ತಿಂಗಳಿಗೆ ಎರಡು ಮೂರು ಸಲ ಬರುತ್ತದೆ. ತಲೆಯ ಒಂದೇ ಪಕ್ಕ, ಕಣ್ಣಿನ ಹಿಂದಿನಿಂದ ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ವಾಂತಿ. ಅವರು ಪರದೆ ಎಳೆದು ಮಲಗಿದರೆ ಆ ದಿನ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವ ಹಾಗಿಲ್ಲ.

ಕಳೆದ ಮಳೆಗಾಲದಲ್ಲಿ ಇದರ ಜೊತೆ ಇನ್ನೊಂದು ಸೇರಿಕೊಂಡಿತು. ದಿನವಿಡೀ ತಲೆ ಭಾರ, ಮೈ ಭಾರ, ಬೆಳಗ್ಗೆ ಏಳೋಕೇ ಆಗದಷ್ಟು ಸುಸ್ತು. ಚಳಿ ಅಂದರು. ಮಲೆನಾಡಿನ ಜುಲೈನಲ್ಲಿ ಯಾರಿಗೆ ಚಳಿ ಆಗಲ್ಲ ಅಂತ ಸುಮ್ಮನಾದೆವು. ಕೂದಲು ಉದುರುತ್ತಿದೆ ಅಂದರು. ಬೋರ್‌ವೆಲ್ ನೀರಿನ ಮೇಲೆ ಹಾಕಿದೆವು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದರು. ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ 11.4 ಅಂತ ಬಂತು, ಪಕ್ಕದಲ್ಲಿ ಮೇಲೆ ನೋಡುವ ಒಂದು ಬಾಣದ ಗುರುತು. ಥೈರಾಯ್ಡ್ ಕಡಿಮೆ ಇದೆ ಅಂತ ಡಾಕ್ಟರು ಮಾತ್ರೆ ಬರೆದರು.

"ಹಾಗಾದ್ರೆ ಇಷ್ಟು ವರ್ಷದ ತಲೆನೋವಿಗೂ ಇದೇ ಕಾರಣನಾ? ಈ ಮಾತ್ರೆ ನುಂಗಿದ್ರೆ ಎರಡೂ ಹೋಗುತ್ತೇನೋ, ನೋಡಿ ಹೇಳು" ಅಂತ ನನ್ನನ್ನು ಕೇಳಿದರು. ನಾನು ಡಾಕ್ಟರ್ ಅಲ್ಲ. ಆದರೆ ಅವರಿಗೋಸ್ಕರ ಓದಿದೆ, ಡಾಕ್ಟರ ಹತ್ತಿರ ಹೋದಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಇದೇ ಪ್ರಶ್ನೆ ಹಾಸನ, ಬೇಲೂರು ಕಡೆಯ ನೆಂಟರಿಂದಲೂ ಬರತೊಡಗಿತು. ಎಲ್ಲರ ಮನೆಯಲ್ಲೂ ಒಬ್ಬರಿಗೆ ಥೈರಾಯ್ಡ್, ಇನ್ನೊಬ್ಬರಿಗೆ ತಲೆನೋವು, ಕೆಲವರಿಗೆ ಎರಡೂ ಇದೆ. ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

ಥೈರಾಯ್ಡ್ ಅನ್ನೋದು ರೋಗದ ಹೆಸರಲ್ಲ

"ನಂಗೆ ಥೈರಾಯ್ಡ್ ಇದೆ" ಅಂತ ಎಲ್ಲರೂ ಹೇಳುತ್ತಾರೆ. ಅದು ಎಲ್ಲರಿಗೂ ಇದೆ! ಕುತ್ತಿಗೆಯ ಮುಂಭಾಗದಲ್ಲಿ, ಗಂಟಲ ಮಣಿಯ ಸ್ವಲ್ಪ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗಿರುವ ಒಂದು ಗ್ರಂಥಿ ಅದು. ತೂಕ ಸುಮಾರು 20 ಗ್ರಾಂ. ಊಟದಿಂದ ಬಂದ ಅಯೋಡಿನ್ ತೆಗೆದುಕೊಂಡು ಎರಡು ಹಾರ್ಮೋನು ಮಾಡಿ ರಕ್ತಕ್ಕೆ ಬಿಡುತ್ತದೆ. ನಾಲ್ಕು ಅಯೋಡಿನ್ ಪರಮಾಣು ಇರುವುದು ಟಿ4, ಮೂರು ಇರುವುದು ಟಿ3. ಹೆಚ್ಚು ತಯಾರಾಗುವುದು ಟಿ4. ಮೈಯೊಳಗೆ ಅದು ಬೇಕಾದ ಕಡೆ ಟಿ3 ಆಗಿ ಬದಲಾಗಿ ಕೆಲಸ ಮಾಡುತ್ತದೆ.

ಏನು ಕೆಲಸ? ಒಲೆಯ ಉರಿ ನೋಡಿಕೊಳ್ಳುವ ಕೆಲಸ. ಹೃದಯ ಎಷ್ಟು ಬೇಗ ಬಡಿಯಬೇಕು, ಕರುಳು ಎಷ್ಟು ಬೇಗ ಚಲಿಸಬೇಕು, ಮೈ ಎಷ್ಟು ಬೆಚ್ಚಗಿರಬೇಕು, ತಿಂದದ್ದು ಎಷ್ಟು ಬೇಗ ಖರ್ಚಾಗಬೇಕು, ಎಲ್ಲಕ್ಕೂ ಉರಿ ಹೆಚ್ಚು ಕಡಿಮೆ ಮಾಡುವವನು ಇವನೇ. ಉರಿ ತಗ್ಗಿದರೆ ಎಲ್ಲವೂ ನಿಧಾನ. ಸುಸ್ತು, ಚಳಿ, ಮಲಬದ್ಧತೆ, ಒಣ ಚರ್ಮ, ತೂಕ ಏರುವುದು, ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದು, ಮರೆವು. ಇದನ್ನೇ ಹೈಪೋಥೈರಾಯ್ಡಿಸಮ್ ಅನ್ನುತ್ತಾರೆ. ಉರಿ ಜಾಸ್ತಿಯಾದರೆ ಹೈಪರ್. ಈ ಬರಹ ತಗ್ಗಿದ ಉರಿಯ ಬಗ್ಗೆ ಮಾತ್ರ.

ಕಡಿಮೆ ಆದದ್ದಕ್ಕೆ ರಿಪೋರ್ಟಿನಲ್ಲಿ ಜಾಸ್ತಿ ಯಾಕೆ?

ಅತ್ತಿಗೆಯ ತಲೆಕೆಡಿಸಿದ್ದು ಇದು. "ಥೈರಾಯ್ಡ್ ಕಡಿಮೆ ಅಂತಾರೆ, ರಿಪೋರ್ಟಲ್ಲಿ ಮೇಲೆ ಬಾಣ ಹಾಕಿದಾರೆ. ಯಾವುದು ನಿಜ?"

ತೋಟದ ಲೆಕ್ಕದಲ್ಲಿ ಹೇಳಿದೆ. ಟಿಎಸ್‌ಎಚ್ ಥೈರಾಯ್ಡ್‌ನಿಂದ ಬರುವುದಿಲ್ಲ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಅನ್ನುವ ಗ್ರಂಥಿ ಇದೆ, ಅದು ಕಳಿಸುತ್ತದೆ. ಪಿಟ್ಯುಟರಿ ಅಂದರೆ ಆಳುಗಳ ಕೆಲಸ ನೋಡಿಕೊಳ್ಳುವ ತೋಟದ ರೈಟರು ಅಂದುಕೊಳ್ಳಿ. ಥೈರಾಯ್ಡ್ ಅಂದರೆ ಕೆಲಸದ ಆಳು. ಆಳು ಸರಿಯಾಗಿ ಹಣ್ಣು ಕುಯ್ಯುತ್ತಿದ್ದರೆ ರೈಟರು ಮೆಲ್ಲಗೆ ಮಾತಾಡಿಕೊಂಡಿರುತ್ತಾರೆ. ಕೆಲಸ ನಿಧಾನವಾದರೆ ದನಿ ಏರುತ್ತದೆ. ಇನ್ನೂ ನಿಧಾನವಾದರೆ ಆಚೆ ಗುಡ್ಡಕ್ಕೆ ಕೇಳುವ ಹಾಗೆ ಕೂಗುತ್ತಾರೆ. ಆ ಕೂಗೇ ಟಿಎಸ್‌ಎಚ್. ಕೂಗು ಜೋರಿದ್ದರೆ ಕೆಲಸ ಆಗುತ್ತಿಲ್ಲ ಅಂತ ಅರ್ಥ. ಸಾಮಾನ್ಯವಾಗಿ 0.4ರಿಂದ 4 ಅಥವಾ 4.5ರವರೆಗೆ ಸರಿ ಅನ್ನುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ.

ಕೆಲವೊಮ್ಮೆ ರೈಟರು ಕೂಗುತ್ತಿದ್ದಾರೆ, ಆಳು ಹೇಗೋ ಏದುಸಿರು ಬಿಟ್ಟುಕೊಂಡು ದಿನದ ಲೆಕ್ಕ ತುಂಬಿಸುತ್ತಿದ್ದಾನೆ. ಟಿಎಸ್‌ಎಚ್ ಜಾಸ್ತಿ, ಆದರೆ ಟಿ4 ಸರಿಯಾಗಿದೆ. ಇದಕ್ಕೆ ಸಬ್‌ಕ್ಲಿನಿಕಲ್ ಅಂತ ಹೆಸರು. ಟಿಎಸ್‌ಎಚ್ 10 ದಾಟದಿದ್ದರೆ ಎಷ್ಟೋ ಸಲ ಮಾತ್ರೆ ಕೊಡದೆ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಅನ್ನುತ್ತಾರೆ. ಅಂಥವರು ಡಾಕ್ಟರಿಗೆ ಗೊತ್ತಾಗಲಿಲ್ಲ ಅಂತ ಬೈದುಕೊಂಡು ಬರಬೇಕಿಲ್ಲ.

ಆಳು ಸೋಲುವುದು ಯಾಕೆ

ಹಳೇ ಕಾಲದ ದೊಡ್ಡ ಕಾರಣ ಅಯೋಡಿನ್ ಕೊರತೆ. ಮಳೆ ಧೋ ಅಂತ ಸುರಿಯುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದುಹೋಗುತ್ತದೆ. ಆ ಮಣ್ಣಿನಲ್ಲಿ ಬೆಳೆದದ್ದರಲ್ಲೂ ಕಡಿಮೆ ಇರುತ್ತದೆ. ಗ್ರಂಥಿ ಸಿಕ್ಕಷ್ಟು ಅಯೋಡಿನ್ ಹಿಡಿಯಲು ಊದಿಕೊಳ್ಳುತ್ತದೆ, ಅದೇ ಗಳಗಂಡ. ದೇಶದಲ್ಲಿ ಇದಕ್ಕಾಗಿಯೇ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಪ್ಯಾಕೆಟ್ ಉಪ್ಪಿಗೆ ಅಯೋಡಿನ್ ಬೆರೆಸುವುದು ಇದೇ ಕಾರಣಕ್ಕೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಅಂದರೆ ತೂಕದಲ್ಲಿ ಕಲ್ಲುಪ್ಪಿನ ಒಂದು ಹರಳಿಗಿಂತ ಕಡಿಮೆ. ಕಲ್ಲುಪ್ಪೇ ಒಳ್ಳೇದು ಅಂತ ಈಗ ಹೊಸ ಗಾಳಿ ಬೀಸುತ್ತಿದೆ. ತರುವುದಾದರೆ ಅಯೋಡಿನ್ ಬೆರೆಸಿದ್ದಾ ಅಂತ ನೋಡಿ ತನ್ನಿ.

ಈಗ ಜಾಸ್ತಿ ಕಾಣುವ ಕಾರಣ ಬೇರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಪಡೆಯೇ ಥೈರಾಯ್ಡನ್ನು ಶತ್ರು ಅಂದುಕೊಂಡು ಮೆಲ್ಲಗೆ ಹಾಳು ಮಾಡುತ್ತದೆ. ಮನೆ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. 1912ರಲ್ಲಿ ಜಪಾನಿನ ಹಕಾರು ಹಾಶಿಮೊಟೊ ಅನ್ನುವ ವೈದ್ಯ ಇದನ್ನು ಮೊದಲು ವಿವರಿಸಿದ್ದರಿಂದ ಅವರ ಹೆಸರೇ ರೋಗಕ್ಕೂ ಬಂತು. ಗಂಡಸರಿಗಿಂತ ಹೆಂಗಸರಿಗೆ ಬಹಳ ಜಾಸ್ತಿ. ಡಾಕ್ಟರು ಆ್ಯಂಟಿ ಟಿಪಿಓ ಅಂತ ಒಂದು ಪರೀಕ್ಷೆ ಬರೆದರೆ ಅದು ಇದನ್ನು ನೋಡಲು.

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ

ಅರೆತಲೆನೋವು ಅಂತ ನಾವು ಹೇಳುವ ಮೈಗ್ರೇನ್‌ಗೆ ಒಂದು ಲೆಕ್ಕ ಇದೆ. ಔಷಧಿ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆ ತನಕ ಇರುತ್ತದೆ. ಸಾಮಾನ್ಯವಾಗಿ ಒಂದು ಪಕ್ಕ, ನಾಡಿ ಬಡಿದ ಹಾಗೆ ಧಡ್ ಧಡ್, ಮೆಟ್ಟಿಲು ಹತ್ತಿದರೆ ಜಾಸ್ತಿ. ಜೊತೆಗೆ ವಾಕರಿಕೆ, ಇಲ್ಲವೇ ಬೆಳಕೂ ಶಬ್ದವೂ ಸಹಿಸದಿರುವುದು. ಇಂಥದ್ದು ಕನಿಷ್ಠ 5 ಸಲ ಬಂದಿದ್ದರೆ ಮೈಗ್ರೇನ್ ಅನ್ನುತ್ತಾರೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣಮುಂದೆ ಅಂಕುಡೊಂಕು ಬೆಳಕಿನ ಗೆರೆ ಓಡುತ್ತದೆ, ಅದು ಆರಾ. ಸ್ಕ್ಯಾನಿಂಗ್‌ನಲ್ಲಿ ಮೈಗ್ರೇನ್ ಕಾಣುವುದಿಲ್ಲ. ನೀವು ಹೇಳುವ ವಿವರದಿಂದಲೇ ಡಾಕ್ಟರು ಕಂಡುಹಿಡಿಯಬೇಕು.

ಎಲೆ ಬಿದ್ದರೂ ಬೊಗಳುವ ನಾಯಿ ನೋಡಿದ್ದೀರಲ್ವಾ? ಮೈಗ್ರೇನ್ ಇರುವವರ ಮಿದುಳು ಹಾಗೆ. ಬೇರೆಯವರು ಗಮನಿಸದ ಬದಲಾವಣೆಗೂ ಅದು ಎಚ್ಚರಾಗುತ್ತದೆ. ಮುಖ ಮತ್ತು ತಲೆಯ ನೋವನ್ನು ಸಾಗಿಸುವ ಟ್ರೈಜೆಮಿನಲ್ ನರ ಕೆರಳಿ, ಸಿಜಿಆರ್‌ಪಿ ಅನ್ನುವ ವಸ್ತು ಬಿಡುಗಡೆಯಾಗಿ, ಮಿದುಳಿನ ಹೊದಿಕೆಯ ಸುತ್ತ ನೋವು ಏಳುತ್ತದೆ. ನಮ್ಮ ಕಡೆ ಕೆರಳಿಸುವುದಕ್ಕೆ ಕಾರಣಗಳಿಗೆ ಬರವಿಲ್ಲ. ಹಾಸನಾಂಬೆಯ ದರ್ಶನಕ್ಕೆ ಖಾಲಿ ಹೊಟ್ಟೆಯಲ್ಲಿ ಬಿಸಿಲಲ್ಲಿ ಸರತಿ ನಿಂತದ್ದು, ಶಿರಾಡಿ ಘಾಟಿಯ ತಿರುವು, ಕುಯ್ಲಿನ ದಿನಗಳಲ್ಲಿ ಕೆಟ್ಟ ನಿದ್ದೆ. ಅತ್ತಿಗೆಗೆ ಕಾಫಿ ಹೂವು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಊರಿಗೆ ಊರೇ ಆಹಾ ಅನ್ನುವಾಗ ಇವರು ಮೂಗಿಗೆ ಸೆರಗು ಹಿಡಿದುಕೊಂಡಿರುತ್ತಾರೆ.

ನಿಮ್ಹಾನ್ಸ್ ಸಂಶೋಧಕರು ಬೆಂಗಳೂರಿನ ಪೇಟೆಯಲ್ಲೂ ಸುತ್ತಲಿನ ಹಳ್ಳಿಯಲ್ಲೂ ಮನೆಮನೆಗೆ ಹೋಗಿ ಕೇಳಿದ್ದರು. ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದವರು ನೂರಕ್ಕೆ 25. ಅಂದರೆ ನಾಲ್ವರಲ್ಲಿ ಒಬ್ಬರು.

ನಂಟು ಇದೆಯಾ ಇಲ್ವಾ?

ಮೊದಲು ಒಂದು ಎಚ್ಚರಿಕೆ. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್. 2013ರಲ್ಲಿ ಪ್ರಕಟವಾದ, ಭಾರತದ 8 ನಗರಗಳ ಅಧ್ಯಯನದಲ್ಲಿ ಹತ್ತಿರ ಹತ್ತಿರ ನೂರಕ್ಕೆ 11 ಜನ ದೊಡ್ಡವರಿಗೆ ಹೈಪೋಥೈರಾಯ್ಡ್ ಇತ್ತು. ಎರಡಕ್ಕೂ ಏನೂ ಸಂಬಂಧ ಇಲ್ಲ ಅಂತಿಟ್ಟುಕೊಂಡು ಗುಣಾಕಾರ ಮಾಡಿದರೂ ನೂರಕ್ಕೆ ಎರಡು ಮೂರು ಜನರಿಗೆ ಎರಡೂ ಇರುತ್ತದೆ. ಎರಡೂ ಹೆಂಗಸರಿಗೇ ಜಾಸ್ತಿ ಬರುವುದರಿಂದ ಅವರಲ್ಲಿ ಇನ್ನೂ ಹೆಚ್ಚು. ಹಾಗಾಗಿ "ನಮ್ಮ ಚಿಕ್ಕಮ್ಮನಿಗೂ ಎರಡೂ ಇದೆ" ಅನ್ನುವುದು ಪುರಾವೆ ಅಲ್ಲ.

ಆದರೆ ಈ ಗುಣಾಕಾರಕ್ಕಿಂತ ಹೆಚ್ಚಿನದೇನೋ ಇದೆ ಅಂತ ತೋರಿಸಿದ ಕೆಲಸಗಳಿವೆ. ನನಗೆ ಗಟ್ಟಿ ಅನ್ನಿಸಿದ್ದು ಅಮೆರಿಕದ ಓಹಾಯೋದ್ದು. ಅಲ್ಲಿ ಫರ್ನಾಲ್ಡ್ ಅನ್ನುವ ಊರಲ್ಲಿ ಯುರೇನಿಯಂ ಸಂಸ್ಕರಿಸುವ ಕಾರ್ಖಾನೆ ಇತ್ತು. ಸುತ್ತಮುತ್ತ ವಾಸವಿದ್ದವರನ್ನು ವರ್ಷಗಟ್ಟಲೆ ಕರೆದು ಪರೀಕ್ಷೆ ಮಾಡುತ್ತಿದ್ದರು. ಆ ದಾಖಲೆಯಲ್ಲಿ 8,412 ಜನರದ್ದನ್ನು ತೆಗೆದು ಸಿನ್ಸಿನಾಟಿಯ ಸಂಶೋಧಕರು ನೋಡಿದರು. ಶುರುವಿನಲ್ಲೇ ಥೈರಾಯ್ಡ್ ತೊಂದರೆ ಇದ್ದವರನ್ನು ಹೊರಗಿಟ್ಟರು. ಆಮೇಲೆ ಯಾರಿಗೆ ಹೊಸದಾಗಿ ಹೈಪೋಥೈರಾಯ್ಡ್ ಬಂತು ಅಂತ ಲೆಕ್ಕ ಹಾಕಿದರು. ಮೊದಲೇ ತಲೆನೋವಿನ ಕಾಯಿಲೆ ಇದ್ದವರಲ್ಲಿ ಆ ಸಾಧ್ಯತೆ ಶೇಕಡ 21 ಹೆಚ್ಚು. ಮೈಗ್ರೇನ್ ಇರಬಹುದು ಅನ್ನುವಂಥವರಲ್ಲಿ ಶೇಕಡ 41 ಹೆಚ್ಚು.

41 ಅಂದ ಕೂಡಲೇ ಗಾಬರಿ ಬೇಡ. ನೂರು ಜನರಲ್ಲಿ 41 ಮಂದಿಗೆ ಬರುತ್ತದೆ ಅಂತ ಅಲ್ಲ ಅದು. ಒಂದು ಉದಾಹರಣೆಗೆ, ನೂರರಲ್ಲಿ 5 ಜನರಿಗೆ ಬರಬೇಕಾದ ಕಡೆ 7 ಜನರಿಗೆ ಬಂತು ಅನ್ನುವಷ್ಟು. ಮೈಗ್ರೇನ್ ಇರುವ ಬಹುಪಾಲು ಜನರ ಥೈರಾಯ್ಡ್ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ದಿಕ್ಕಿನಿಂದಲೂ ನೋಡಿದ್ದಾರೆ. 1998ರಲ್ಲಿ ಫ್ರಾನ್ಸಿನ ವೈದ್ಯರು 102 ಹೈಪೋಥೈರಾಯ್ಡ್ ರೋಗಿಗಳನ್ನು ತಲೆನೋವಿನ ಬಗ್ಗೆ ಕೇಳಿದರು. ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ, ಥೈರಾಯ್ಡ್ ತೊಂದರೆಯ ಜೊತೆಜೊತೆಗೇ ಶುರುವಾದ ತಲೆನೋವು ಇತ್ತು. ಹಾರ್ಮೋನು ಕೊಟ್ಟ ಮೇಲೆ ಅದು ಇಳಿಯಿತು. ತಲೆನೋವುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗವೇ ಇದೆ. ಇದು ಸಾಮಾನ್ಯವಾಗಿ ಎರಡೂ ಪಕ್ಕ ಇರುತ್ತದೆ, ಬಡಿತ ಇರುವುದಿಲ್ಲ, ಬಿಡದೆ ಮಂದವಾಗಿ ಕೂತಿರುತ್ತದೆ. ಇಂಥ ನೋವು ಬರುವವರಲ್ಲಿ ಹಿಂದೆ ಮೈಗ್ರೇನ್ ಇದ್ದವರು ಸಾಕಷ್ಟಿರುತ್ತಾರೆ.

ಇಲ್ಲೇ ನನಗೆ ಅತ್ತಿಗೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ಅವರಿಗಿದ್ದದ್ದು ಒಂದು ತಲೆನೋವಲ್ಲ, ಎರಡು. ಹಳೆಯದು ಮೈಗ್ರೇನ್. ಮಳೆಗಾಲದಲ್ಲಿ ಸೇರಿಕೊಂಡ ದಿನವಿಡೀ ಭಾರ ಥೈರಾಯ್ಡಿನದ್ದಾಗಿರಬಹುದು. ಡಾಕ್ಟರೂ ಅದನ್ನೇ ಹೇಳಿದರು.

ಯಾಕೆ ಹೀಗೆ?

ಇದಕ್ಕೆ ವಿಜ್ಞಾನದಲ್ಲಿ ಇನ್ನೂ ಒಂದೇ ಉತ್ತರ ನಿಂತಿಲ್ಲ. ಎರಡಕ್ಕೂ ವಂಶದಲ್ಲಿ ಬರುವ ಗುಣ ಇದೆ, ಕೆಲವು ಜೀನುಗಳು ಎರಡು ಕಡೆಯೂ ಪಾಲು ಹೊಂದಿರಬಹುದು ಅನ್ನುವುದು ಒಂದು ವಾದ. ಪದೇ ಪದೇ ಬರುವ ಮೈಗ್ರೇನ್ ರೋಗನಿರೋಧಕ ಪಡೆಯನ್ನು ಕೆರಳಿಸಿ, ಅದು ಥೈರಾಯ್ಡ್ ಮೇಲೆ ಬೀಳಬಹುದು ಅನ್ನುವುದು ಇನ್ನೊಂದು. ಮೂರನೆಯದು ನನಗೆ ಸುಲಭವಾಗಿ ಅರ್ಥವಾಗುವಂಥದ್ದು: ಮೈಯ ಉರಿ ತಗ್ಗಿದಾಗ ಮಿದುಳಿನ ಜೀವಕೋಶಗಳಿಗೂ ಶಕ್ತಿ ಸಾಲದೆ, ಮೊದಲೇ ಬೊಗಳುವ ನಾಯಿ ಇನ್ನೂ ಬೇಗ ಬೊಗಳುತ್ತದೆ. ಇದರ ಜೊತೆ ಥೈರಾಯ್ಡ್ ತಗ್ಗಿದವರಿಗೆ ನಿದ್ದೆ ಕೆಡುವುದು, ರಕ್ತ ಕಡಿಮೆಯಾಗುವುದು ಇರುತ್ತದೆ. ತಲೆನೋವಿಗೆ ಅದೂ ಸಾಕು.

ಮಾತ್ರೆ ತಗೊಂಡ್ರೆ ಹೋಗುತ್ತಾ?

ಥೈರಾಯ್ಡಿಗೆ ಕೊಡುವುದು ಲೆವೋಥೈರಾಕ್ಸಿನ್, ಅಂದರೆ ಅದೇ ಟಿ4. ಹೊರಗಿನಿಂದ ಬೇರೆ ಆಳು ಕರೆಸಿ ಬಾಕಿ ಕೆಲಸ ಮಾಡಿಸಿದ ಹಾಗೆ. ಅಂಗಡಿಯಲ್ಲಿ ಥೈರೋನಾರ್ಮ್, ಎಲ್ಟ್ರಾಕ್ಸಿನ್ ಅಂತೆಲ್ಲ ಹೆಸರಿನಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ಲೆಕ್ಕ ಮೈಕ್ರೋಗ್ರಾಂನಲ್ಲಿ: 25, 50, 75, 100. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಒಂದು ಪ್ರಮಾಣ ಶುರು ಮಾಡಿದರೆ ಅದರ ಪೂರ್ತಿ ಪರಿಣಾಮ ಕಾಣಲು 6ರಿಂದ 8 ವಾರ. ಹತ್ತು ದಿನಕ್ಕೇ ಮತ್ತೆ ರಕ್ತ ಪರೀಕ್ಷೆ ಮಾಡಿಸಿ "ಏನೂ ಇಳಿದಿಲ್ಲ" ಅಂದರೆ ದುಡ್ಡು ದಂಡ.

ಥೈರಾಯ್ಡಿನಿಂದಲೇ ಬಂದ ಮಂದ ತಲೆನೋವು ಟಿಎಸ್‌ಎಚ್ ಸರಿಯಾದರೆ ಸಾಮಾನ್ಯವಾಗಿ ಹೋಗುತ್ತದೆ, ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ಹಳೇ ಮೈಗ್ರೇನ್ ಬೇರೆ ಮಾತು. ಕೆಲವರಿಗೆ ಬರುವ ದಿನಗಳು ಕಡಿಮೆಯಾಗಬಹುದು, ಬೇರು ಸಮೇತ ಹೋಗುತ್ತದೆ ಅಂತ ನಂಬಬೇಡಿ. ಅದಕ್ಕೆ ಅದರದ್ದೇ ಔಷಧಿ ನಡೆಯಬೇಕು. ಇನ್ನು ಟಿಎಸ್‌ಎಚ್ ಸರಿಯಾಗಿಯೇ ಇರುವವರು ಪಕ್ಕದ ಮನೆಯವರ ಮಾತು ಕೇಳಿ ತಲೆನೋವಿಗೆ ಥೈರಾಯ್ಡ್ ಮಾತ್ರೆ ನುಂಗುವುದು ಶುದ್ಧ ತಪ್ಪು. ಎದೆ ಡವಡವ, ಹೃದಯದ ಬಡಿತ ತಾಳ ತಪ್ಪುವುದು, ಮೂಳೆ ಸವೆಯುವುದು ಇವೆಲ್ಲ ಆಗಬಹುದು.

ಎರಡೂ ಇರುವವರು ಎರಡೂ ಡಾಕ್ಟರಿಗೆ ಎರಡೂ ಚೀಟಿ ತೋರಿಸಬೇಕು. ಮೈಗ್ರೇನ್ ತಡೆಯಲು ಕೊಡುವ ಪ್ರೊಪ್ರನಲಾಲ್ ಹೃದಯದ ಬಡಿತ ನಿಧಾನ ಮಾಡುತ್ತದೆ, ಥೈರಾಯ್ಡ್ ತಗ್ಗಿದವರಿಗೆ ಬಡಿತ ಮೊದಲೇ ನಿಧಾನ ಇರುತ್ತದೆ. ಇನ್ನೊಂದು ಫ್ಲುನರಿಜಿನ್, ಅದರಿಂದ ತೂಕ ಏರುತ್ತದೆ, ನಿದ್ದೆ ಎಳೆಯುತ್ತದೆ. ಆಗ "ಥೈರಾಯ್ಡ್ ಜಾಸ್ತಿಯಾಯ್ತು" ಅಂದುಕೊಳ್ಳುತ್ತೇವೆ, ಅದು ತಲೆನೋವಿನ ಮಾತ್ರೆಯ ಕೆಲಸ ಆಗಿರುತ್ತದೆ.

ಕಾಫಿ ಊರಿನ ತಾಪತ್ರಯ

ಡಿಸೆಂಬರ್‌ನಲ್ಲಿ ಅತ್ತಿಗೆಯ ಎರಡನೇ ರಿಪೋರ್ಟ್ ಬಂತು. ಟಿಎಸ್‌ಎಚ್ 9.8. ದಿನ ತಪ್ಪದೆ 50ರ ಮಾತ್ರೆ ನುಂಗಿದ್ದರು, ಆದರೂ ಇಷ್ಟೇ. ಪ್ರಮಾಣ ಏರಿಸುತ್ತಾರೆ ಅಂದುಕೊಂಡೇ ಹೋದೆವು. ಡಾಕ್ಟರು ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದರು.

"ಯಾವುದರ ಜೊತೆ ನುಂಗ್ತೀರಮ್ಮಾ?"

"ಕಾಫಿ ಜೊತೆ ಸಾರ್. ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೇಲಿ. ನೀವೇ ಹೇಳಿದ್ರಲ್ಲ."

ಕಾಫಿ ಕುಡಿದರೂ ಹೊಟ್ಟೆ ಖಾಲಿಯೇ ಅನ್ನೋದು ನಮ್ಮ ಕಡೆಯ ತಿಳಿವಳಿಕೆ. ಒಲೆಯ ಪಕ್ಕದ ಗೂಡಿನಲ್ಲಿ ಫಿಲ್ಟರ್ ಇರುತ್ತದೆ, ಅದರ ಪಕ್ಕ ಮಾತ್ರೆ ಬಾಟಲಿ. ಮರೆಯಬಾರದು ಅಂತ ಅಲ್ಲೇ ಇಟ್ಟದ್ದು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮಾತ್ರೆ ಅಂಗೈಯಲ್ಲಿ, ಮೊದಲ ಗುಟುಕಿನ ಜೊತೆ ಗಂಟಲಲ್ಲಿ. ತೊಂದರೆ ಏನೆಂದರೆ, ಕಾಫಿ ಈ ಮಾತ್ರೆಯನ್ನು ಕರುಳು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಇಟಲಿಯ ವೈದ್ಯರು 2008ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ನೀರಿನ ಜೊತೆ ನುಂಗಿದಾಗ ಸರಿಹೋಗುತ್ತಿದ್ದದ್ದು ಕಾಫಿ ಜೊತೆ ಹಾಗೆ ಆಗುತ್ತಿರಲಿಲ್ಲ.

ಸರಿಯಾದ ಕ್ರಮ ಇಷ್ಟು. ಎದ್ದ ಮೇಲೆ ಬರೀ ನೀರಿನಲ್ಲಿ ಮಾತ್ರೆ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಇಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ಇದಕ್ಕೂ ಅದಕ್ಕೂ 4 ಗಂಟೆ ಅಂತರ. ಬೆಳಗ್ಗೆ ಆಗುವುದೇ ಇಲ್ಲ ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ನುಂಗಬಹುದಾ ಅಂತ ಡಾಕ್ಟರನ್ನು ಕೇಳಬಹುದು, ಆ ದಾರಿಯೂ ಇದೆ.

ಬಾಬಾ ಬುಡನ್ ಏಳು ಬೀಜ ತಂದ ಕಥೆ ಹೇಳಿಕೊಂಡು ಬೆಳೆದ ಊರಲ್ಲಿ ಬೆಳಗ್ಗಿನ ಕಾಫಿ ಒಂದು ಗಂಟೆ ತಡ ಮಾಡಿ ಅನ್ನುವುದು ಸಣ್ಣ ಮಾತಲ್ಲ. ಅತ್ತಿಗೆ ಸಿಟ್ಟಿಗೆ ಎರಡು ದಿನ ಕಾಫಿಯನ್ನೇ ಬಿಟ್ಟರು. ಎರಡನೇ ದಿನ ತಲೆ ಸಿಡಿಯಿತು! ಅದೂ ಗೊತ್ತಿರುವ ವಿಷಯವೇ. ದಿನಾ ಎರಡು ಮೂರು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಕೆಫೀನ್ ಬಿಟ್ಟ ತಲೆನೋವು ಬರುತ್ತದೆ, ಮೈಗ್ರೇನ್ ಇರುವವರಿಗೆ ಅದೇ ನೆಪ ಸಾಕು. ಬಿಡಬೇಕಿಲ್ಲ, ತಡ ಮಾಡಿದರೆ ಸಾಕು. ದಿನಾ ಒಂದೇ ಹೊತ್ತಿಗೆ, ಅಷ್ಟೇ ಲೋಟ.

ನೋವಿನ ಮಾತ್ರೆಗೂ ಲೆಕ್ಕ ಇಡಿ

ಥೈರಾಯ್ಡ್ ಹುಡುಕುವ ಗಡಿಬಿಡಿಯಲ್ಲಿ ಮರೆತುಹೋಗುವುದು ಇದು. ಪ್ಯಾರಾಸಿಟಮಾಲ್‌ನಂಥ ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಜಾಸ್ತಿ, ಹೀಗೆ ಮೂರು ತಿಂಗಳು ದಾಟಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಜಾತಿಯ ಮಾತ್ರೆಗಳಿಗೆ, ಎರಡು ಮೂರು ಔಷಧಿ ಬೆರೆಸಿದವಕ್ಕೆ 10 ದಿನವೇ ಮಿತಿ. ಅಂಗಡಿಯಲ್ಲಿ "ತಲೆನೋವಿಗೆ ಒಂದು ಕೊಡಿ" ಅಂತ ತರುವವರಿಗೆ ಯಾವುದು ಬೆರೆಸಿದ್ದು ಅಂತಲೇ ಗೊತ್ತಿರುವುದಿಲ್ಲ.

ಅತ್ತಿಗೆ ಇದಕ್ಕೆ ಹಾಲಿನ ಕ್ಯಾಲೆಂಡರನ್ನೇ ಹಿಡಿದರು. ಹಾಲು ಬಾರದ ದಿನಕ್ಕೆ ಸೊನ್ನೆ ಮೊದಲಿಂದ ಇತ್ತು. ಮೈಗ್ರೇನ್ ಬಂದರೆ ಅಡ್ಡಗೀಟು, ಮಂದ ನೋವಿಗೆ ಚುಕ್ಕೆ, ಮಾತ್ರೆ ನುಂಗಿದರೆ ಸುತ್ತ ಒಂದು ಚೌಕ. ಮುಟ್ಟಿನ ದಿನಕ್ಕೆ ಮೂಲೆಯಲ್ಲಿ ಸಣ್ಣ ಗುರುತು. ಡಾಕ್ಟರಿಗೆ ನಮ್ಮ ಅರ್ಧ ಗಂಟೆಯ ವಿವರಣೆಗಿಂತ ಆ ಹಾಳೆ ಹೆಚ್ಚು ಉಪಯೋಗಕ್ಕೆ ಬಂತು.

ಯಾರು ಪರೀಕ್ಷೆ ಮಾಡಿಸಬೇಕು, ಯಾರು ಓಡಬೇಕು

ಮೈಗ್ರೇನ್ ಇದೆ ಅನ್ನುವ ಒಂದೇ ಕಾರಣಕ್ಕೆ ತಿಂಗಳು ತಿಂಗಳು ಟಿಎಸ್‌ಎಚ್ ಬೇಡ. ಹಳೇ ತಲೆನೋವಿನ ರೀತಿ ಬದಲಾದರೆ, ದಿನಗಳು ಹೆಚ್ಚಾದರೆ, ಜೊತೆಗೆ ಸುಸ್ತು, ಚಳಿ, ತೂಕ, ಮುಟ್ಟಿನ ಏರುಪೇರು ಇದ್ದರೆ, ಮನೆಯಲ್ಲಿ ಥೈರಾಯ್ಡ್ ಇದ್ದವರಿದ್ದರೆ ಕೇಳಿ ಮಾಡಿಸಿ. ಗರ್ಭಿಣಿಯರು, ಗರ್ಭಕ್ಕೆ ಯೋಚಿಸುತ್ತಿರುವವರು ತಡ ಮಾಡಬೇಡಿ, ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಮುಂಚೆ ಹೇಳಿ. ಅದು ಕೆಲವು ಯಂತ್ರಗಳಲ್ಲಿ ಲೆಕ್ಕ ತಪ್ಪಿಸುತ್ತದೆ.

ಕೆಲವು ತಲೆನೋವಿಗೆ ಥೈರಾಯ್ಡ್ ಯೋಚನೆಯೇ ಬೇಡ, ನೇರ ಆಸ್ಪತ್ರೆ. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ, ಜೀವನದಲ್ಲೇ ಕಾಣದಂಥ ನೋವು. ಜ್ವರದ ಜೊತೆ ಕುತ್ತಿಗೆ ಬಿಗಿ. ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್. ತಲೆಗೆ ಪೆಟ್ಟು ಬಿದ್ದ ಮೇಲೆ ಬಂದದ್ದು. ಗರ್ಭಿಣಿಗೆ ಬಂದ ಜೋರು ತಲೆನೋವು. 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ಬೇಗ ಡಾಕ್ಟರಿಗೆ ತೋರಿಸಬೇಕು.

ಕ್ಯಾಲೆಂಡರಿನಲ್ಲಿ ಏನಿತ್ತು

ಡಿಸೆಂಬರ್‌ನಲ್ಲಿ ಡಾಕ್ಟರು ಪ್ರಮಾಣ ಏರಿಸಲಿಲ್ಲ. ಅದೇ 50, ನೀರಿನಲ್ಲಿ. ಮಾತ್ರೆ ಬಾಟಲಿ ಫಿಲ್ಟರಿನ ಪಕ್ಕದಿಂದ ಹಾಸಿಗೆ ಪಕ್ಕದ ಕಿಟಕಿಗೆ ಹೋಯಿತು, ಜೊತೆಗೆ ಒಂದು ತಂಬಿಗೆ. ಫೆಬ್ರವರಿ ಕೊನೆಗೆ ಟಿಎಸ್‌ಎಚ್ 3.6. ಚುಕ್ಕೆಗಳು ಜನವರಿಯ ಹಾಳೆಯಲ್ಲಿ ವಿರಳವಾಗಿ, ಫೆಬ್ರವರಿಯದರಲ್ಲಿ ಎರಡೇ ಉಳಿದಿದ್ದವು. ಅಡ್ಡಗೀಟು ತಿಂಗಳಿಗೆ ಮೂರರ ಬದಲು ಎರಡು, ಒಂದು.

ಮಾರ್ಚ್ ಕೊನೆಗೆ ಹೂಮಳೆ ಬಿತ್ತು. ಹತ್ತನೇ ದಿನ ತೋಟ ಬೆಳ್ಳಗಾಯಿತು. ಆ ವಾರದಲ್ಲಿ ಸಾಲಾಗಿ ಮೂರು ಅಡ್ಡಗೀಟು, ಎರಡಕ್ಕೆ ಚೌಕ. ಕೆಳಗೆ ಅತ್ತಿಗೆಯ ಅಕ್ಷರದಲ್ಲಿ ಒಂದೇ ಪದ: ಹೂವು.